ಅಂಗಭಂಗವೂ ಜೀವನತೃಪ್ತಿಯೂ

ಈಜಿಪ್ಟ್ ದೇಶದ ಲಕ್ಸೋರ್ ಪಟ್ಟಣದಲ್ಲಿ 1862ರಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕದವನು ಕೊಂಡುಕೊಂಡ ಹಳೆಯ ಪಪೈರಸ್ ಸುರುಳಿಯೊಂದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅದರ ಕಾಲ ಕ್ರಿಸ್ತಪೂರ್ವ 1600ರ ಸುಮಾರು. ಪೆಟ್ಟುಬಿದ್ದ 48 ಮಂದಿಯ ಸ್ಥಿತಿಯನ್ನು ತಲೆಯಿಂದ ಮೊದಲುಗೊಂಡು ಕೆಳಮುಖವಾಗಿ ವಿವರಿಸುವ ಆ ಗ್ರಂಥವು ವೈದ್ಯನ ನಿರ್ಣಯವನ್ನೂ ಜೊತೆಗೆ ಹೇಳುತ್ತದೆ. ನಿರ್ಣಯಗಳು ಮೂರೇ ಬಗೆ: ಚಿಕಿತ್ಸೆ ಮಾಡತಕ್ಕದ್ದು, ಹೋರಾಡಿ ನೋಡತಕ್ಕದ್ದು, ಚಿಕಿತ್ಸೆ ಮಾಡತಕ್ಕದ್ದಲ್ಲ. 31ನೆಯ ಪ್ರಸಂಗದಲ್ಲಿ ಕುತ್ತಿಗೆಯ ಎಲುಬಿನ ಮಣಿಯು ಸ್ಥಾನ ತಪ್ಪಿದ ಒಬ್ಬ ಮನುಷ್ಯನು ಬರುತ್ತಾನೆ. ತನಗೆ ಕೈಗಳೂ ಕಾಲುಗಳೂ ಇವೆಯೆಂಬುದೇ ಅವನಿಗೆ ತಿಳಿಯದು. ಮೂತ್ರವು ಅವನ ಅರಿವಿಲ್ಲದೆ ತೊಟ್ಟಿಕ್ಕುತ್ತಿರುತ್ತದೆ. ವೈದ್ಯನು ಅಷ್ಟನ್ನೂ ಕಣ್ಣಿಟ್ಟು ನೋಡಿ, ಮೂರನೆಯ ನಿರ್ಣಯವನ್ನು ಬರೆದು, ಮುಂದಿನ ರೋಗಿಯ ಕಡೆಗೆ ತಿರುಗುತ್ತಾನೆ.

ಆ ವೈದ್ಯನನ್ನು ನಿಂದಿಸಲು ಕಾರಣವಿಲ್ಲ. ಅವನು ಹೇಳಿದ್ದು ತನ್ನ ವಿದ್ಯೆಯ ಎಲ್ಲೆಯನ್ನು ಮಾತ್ರ. ಈ ಗಾಯವನ್ನು ಗುಣಪಡಿಸುವುದು ತನ್ನಿಂದಾಗದು ಎಂಬುದು ಒಂದು ಮಾತು. ಈ ಮನುಷ್ಯನ ಬಾಳು ಇನ್ನು ಬಾಳಲ್ಲ ಎಂಬುದು ಬೇರೊಂದು ಮಾತು. ಮೊದಲನೆಯದು ವೈದ್ಯನು ಹೇಳಬಹುದಾದದ್ದು. ಎರಡನೆಯದನ್ನು ಹೇಳುವ ಅಧಿಕಾರ ಯಾರಿಗಿದೆ? ಮುಂದಿನ ಕಾಲದವರು ಈ ಎರಡು ಮಾತುಗಳನ್ನೂ ಒಂದೇ ಉಸಿರಿನಲ್ಲಿ ಆಡುವುದನ್ನು ರೂಢಿ ಮಾಡಿಕೊಂಡರು. ಬೆನ್ನುಹುರಿ ಕಡಿದುಹೋದವನನ್ನು ಕಂಡು “ಇದಕ್ಕಿಂತ ಹೋಗಿಬಿಟ್ಟಿದ್ದರೆ ಲೇಸಾಗಿತ್ತು” ಎನ್ನುವ ನೆಂಟರಿಷ್ಟರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಆ ಮಾತನ್ನು ಅವನ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ನಿಂತು ಆಡುವವರೂ ಕಡಮೆಯಿಲ್ಲ. ಹೀಗಿರುವಲ್ಲಿ ಮಲಗಿರುವವನೇ ಬಾಯಿಬಿಟ್ಟು “ನನಗೆ ಬಾಳಿನಲ್ಲಿ ತೃಪ್ತಿಯಿದೆ” ಎಂದು ಹೇಳಿದರೆ ಆ ಮಾತನ್ನು ಹೇಗೆ ಗ್ರಹಿಸತಕ್ಕದ್ದು? ನಂಬಬೇಕೆ, ಮರುಗಬೇಕೆ, ಇಲ್ಲವೆ ಅವನು ತನ್ನನ್ನು ತಾನೇ ವಂಚಿಸಿಕೊಳ್ಳುತ್ತಿದ್ದಾನೆಂದು ಸುಮ್ಮನಾಗಬೇಕೆ? ಪ್ರಶ್ನೆಯು ವೈದ್ಯಕ್ಕಿಂತ ಹೆಚ್ಚಾಗಿ ನೀತಿಗೆ ಸೇರಿದ್ದು.

ಪ್ರಶ್ನೆ ಹುಟ್ಟಿದ್ದೇ ಈಚೆಗೆ. ಮಿದುಳಿನ ಆಜ್ಞೆಯನ್ನು ಅಂಗಗಳಿಗೂ ಅಂಗಗಳ ಸುದ್ದಿಯನ್ನು ಮಿದುಳಿಗೂ ಒಯ್ಯುವ ಬೆನ್ನುಹುರಿಯು ಒಮ್ಮೆ ಕಡಿದರೆ ಮರಳಿ ಕೂಡುವುದಿಲ್ಲ; ಅದನ್ನು ಕೂಡಿಸುವ ಉಪಾಯ ಇಂದಿಗೂ ವೈದ್ಯರ ಕೈಗೆ ಬಂದಿಲ್ಲ. ಪೆಟ್ಟು ಕುತ್ತಿಗೆಗೆ ಬಿದ್ದರೆ ಕೈಕಾಲು ನಾಲ್ಕೂ ಹೋಗುತ್ತವೆ. ಎದೆಗೋ ಸೊಂಟಕ್ಕೋ ಬಿದ್ದರೆ ಕಾಲುಗಳು ಹೋಗುತ್ತವೆ. ಮಲಮೂತ್ರಗಳ ಮೇಲಣ ಹಿಡಿತವೂ ಸಾಮಾನ್ಯವಾಗಿ ತಪ್ಪುತ್ತದೆ. ಆದರೆ ಹಿಂದಿನ ಕಾಲದಲ್ಲಿ ಇಂಥವರನ್ನು ಕೊಂದದ್ದು ಬಹುಮಟ್ಟಿಗೆ ಬೆನ್ನಿನ ಗಾಯವಲ್ಲ. ಒಂದೇ ಮಗ್ಗುಲಲ್ಲಿ ಮಲಗಿದವನ ಚರ್ಮವು ಒತ್ತಿ ಕೊಳೆತು ಆಗುವ ಹಾಸಿಗೆಹುಣ್ಣು, ಮೂತ್ರಕೋಶದಲ್ಲಿ ನಿಂತು ಮೂತ್ರಪಿಂಡದವರೆಗೆ ಏರುವ ನಂಜು, ಇವೆರಡೇ ಅವರ ಯಮದೂತರು. ಮೊದಲನೆಯ ಮಹಾಯುದ್ಧದಲ್ಲಿ ಹೀಗೆ ಗಾಯಗೊಂಡ ಸೈನಿಕರಲ್ಲಿ ಬಹುಪಾಲು ಜನರು ವರ್ಷ ತುಂಬುವ ಮೊದಲೇ ತೀರಿಕೊಂಡರು. ಸಾಯುವವನ ತೃಪ್ತಿಯನ್ನು ಯಾರೂ ವಿಚಾರಿಸುವುದಿಲ್ಲ.

ಇದನ್ನು ತಿರುಗಿಸಿದವರಲ್ಲಿ ಮುಖ್ಯರು ಲುಡ್ವಿಗ್ ಗುಟ್ಮನ್ ಎಂಬವರು. ಯೆಹೂದ್ಯರಾದ ಕಾರಣ ಜರ್ಮನಿಯನ್ನು ಬಿಟ್ಟು 1939ರಲ್ಲಿ ಇಂಗ್ಲೆಂಡಿಗೆ ಬಂದ ಈ ವೈದ್ಯರು 1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡವಿಲ್ ಎಂಬಲ್ಲಿ ಬೆನ್ನುಹುರಿಯ ಗಾಯಾಳುಗಳಿಗಾಗಿಯೇ ಒಂದು ವಿಭಾಗವನ್ನು ತೆರೆದರು. ಅವರ ಉಪಾಯದಲ್ಲಿ ಅದ್ಭುತವೇನೂ ಇರಲಿಲ್ಲ. ಎರಡು ಗಂಟೆಗೊಮ್ಮೆ, ಹಗಲೆನ್ನದೆ ರಾತ್ರಿಯೆನ್ನದೆ, ರೋಗಿಯ ಮಗ್ಗುಲು ಹೊರಳಿಸಬೇಕು. ಮೂತ್ರದ ವಿಷಯದಲ್ಲಿ ಶುಚಿಯನ್ನು ಒಂದು ವ್ರತದಂತೆ ಪಾಲಿಸಬೇಕು. ಏಳಬಲ್ಲವನನ್ನು ಹಾಸಿಗೆಯಲ್ಲಿ ಬಿಡಕೂಡದು, ಏನಾದರೂ ಕೆಲಸಕ್ಕೆ ಹಚ್ಚಬೇಕು. 1948ರ ಜುಲೈ 29ರಂದು, ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಮೊದಲಾದ ದಿನವೇ, ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿ ಅಲ್ಲಿ ಬಿಲ್ಲುವಿದ್ಯೆಯ ಪಂದ್ಯವಾಡಿದರು. 1960ರಲ್ಲಿ ರೋಮಿನಲ್ಲಿ ನೆರೆದವರು 23 ದೇಶಗಳ ಸುಮಾರು 400 ಮಂದಿ. ಬದುಕಲಾರರೆಂದು ಕೈಬಿಟ್ಟಿದ್ದವರು ಬದುಕಿದರು. ಬದುಕಿದ ಮೇಲೆ, ಆ ಬದುಕು ಎಂಥದು ಎಂಬ ಪ್ರಶ್ನೆ ಎದ್ದಿತು.

ಅದಕ್ಕೆ ಅಂಕೆಗಳಲ್ಲಿ ಉತ್ತರ ಹುಡುಕಿದ ಮೊದಲಿಗರಲ್ಲಿ ಅಮೆರಿಕದ ಬ್ರಿಕ್‌ಮನ್ ಮತ್ತು ಅವನ ಸಂಗಡಿಗರು ಪ್ರಸಿದ್ಧರು. 1978ರಲ್ಲಿ ಪ್ರಕಟವಾದ ಅವರ ಪರಿಶೋಧನೆಯಲ್ಲಿ ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದ 22 ಮಂದಿ, ಸಾಮಾನ್ಯರಾದ 22 ಮಂದಿ, ಅಪಘಾತದಿಂದ ಅಂಗಸ್ವಾಧೀನ ತಪ್ಪಿದ 29 ಮಂದಿ ಇದ್ದರು. ಈಗಿನ ಸುಖವೆಷ್ಟು ಎಂದು ಸೊನ್ನೆಯಿಂದ 5ರವರೆಗಿನ ಅಳತೆಯಲ್ಲಿ ಕೇಳಿದಾಗ ಗೆದ್ದವರು 4.00 ಎಂದರು, ಸಾಮಾನ್ಯರು 3.82, ಅಂಗಹೀನರು 2.96. ಲಾಟರಿ ಗೆದ್ದವನೂ ಬೆನ್ನು ಮುರಿದವನೂ ಕೊನೆಗೆ ಒಂದೇ ಸಮನಾಗಿ ಸುಖಿಗಳು ಎಂಬ ಕಥೆಯನ್ನು ಈ ಪರಿಶೋಧನೆಯ ಹೆಸರಿನಲ್ಲಿ ಹೇಳಿಕೊಂಡು ತಿರುಗುವವರು ಬಹಳ ಮಂದಿಯಿದ್ದಾರೆ. ಅಂಕೆಗಳು ಹಾಗೆ ಹೇಳುವುದಿಲ್ಲ. ವ್ಯತ್ಯಾಸವಿದೆ, ಸ್ಪಷ್ಟವಾಗಿಯೇ ಇದೆ. ಆದರೆ 2.96 ಎಂಬುದು ಅಳತೆಗೋಲಿನ ನಡುವಿಗಿಂತ ಮೇಲೆ ನಿಂತಿದೆಯಲ್ಲವೆ? ಹೊರಗಿನವರು ಊಹಿಸುವ ಪಾತಾಳವು ಅಲ್ಲಿ ಕಾಣುವುದಿಲ್ಲ. ಮುಂದಿನ ಸುಖವನ್ನು ಊಹಿಸಲು ಕೇಳಿದಾಗ ಆ 29 ಮಂದಿಯ ಅಂಕೆ 4.32, ಉಳಿದ ಎರಡು ಗುಂಪುಗಳ ಅಂಕೆಗೆ ಅದು ಏನೂ ಕಡಮೆಯಲ್ಲ.

ಇದಕ್ಕಿಂತಲೂ ಮನಸ್ಸನ್ನು ಕಲಕುವುದು 1994ರಲ್ಲಿ ಪ್ರಕಟವಾದ ಮತ್ತೊಂದು ವಿಚಾರಣೆ. ತುರ್ತು ಚಿಕಿತ್ಸೆಯ ವೈದ್ಯರು, ದಾದಿಯರು ಮೊದಲಾದ 233 ಮಂದಿಯನ್ನು, ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿ ಹೋದರೆ ಬದುಕಿ ಉಳಿದುದಕ್ಕೆ ನೀವು ಸಂತೋಷಪಡುವಿರಾ ಎಂದು ಕೇಳಲಾಯಿತು. ಹೌದೆಂದವರು ನೂರಕ್ಕೆ 18 ಮಂದಿ. ನಿಜವಾಗಿ ಆ ಸ್ಥಿತಿಯಲ್ಲಿರುವವರಲ್ಲಿ ಬದುಕಿ ಉಳಿದುದಕ್ಕೆ ಸಂತೋಷವಿದೆಯೆಂದವರು ನೂರಕ್ಕೆ 92. ಗಾಯಗೊಂಡವನ ಮೂಗಿಗೆ ಉಸಿರಿನ ನಳಿಗೆ ಹಾಕುವ ಕೈ ಮೊದಲನೆಯ ಗುಂಪಿನದು. ಎರಡನೆಯ ಗುಂಪಿನವರು ಆ ಹೊತ್ತಿನಲ್ಲಿ ಅಲ್ಲಿರುವುದಿಲ್ಲ. ಬಾಳಿನ ಬೆಲೆಯನ್ನು ಕುರಿತ ತಪ್ಪು ಊಹೆಯು ಚಿಕಿತ್ಸೆಯ ಕೋಣೆಯನ್ನು ಪ್ರವೇಶಿಸಿದರೆ ಏನಾದೀತೆಂಬುದನ್ನು ವಾಚಕರೇ ಯೋಚಿಸಬಹುದು. ಈಜಿಪ್ಟಿನ ವೈದ್ಯನ ಮೂರನೆಯ ನಿರ್ಣಯವು ಹೀಗೆ ಹೊಸ ಉಡುಪಿನಲ್ಲಿ ಬಂದು ನಿಲ್ಲುವ ಸಂಭವವುಂಟು.

ಆದರೂ ಇನ್ನೊಂದು ಬದಿಯ ಸಾಕ್ಷ್ಯವನ್ನು ಮರೆಮಾಡಕೂಡದು. ಜರ್ಮನಿ, ಬ್ರಿಟನ್ ದೇಶಗಳಲ್ಲಿ ವರ್ಷವರ್ಷವೂ ಅದೇ ಜನರನ್ನು ವಿಚಾರಿಸಿ ಕೂಡಿಟ್ಟ ಲೆಕ್ಕಗಳನ್ನು ಪರೀಕ್ಷಿಸಿ ಲೂಕಸ್ ಎಂಬ ಮನಶ್ಶಾಸ್ತ್ರಜ್ಞನು 2007ರಲ್ಲಿ ತೋರಿಸಿದ್ದೇನೆಂದರೆ: ದೀರ್ಘಕಾಲದ ಅಂಗವೈಕಲ್ಯ ಬಂದವರ ತೃಪ್ತಿಯು ಇಳಿಯುತ್ತದೆ, ಇಳಿದದ್ದು ಪೂರ್ತಿಯಾಗಿ ಮೇಲೇಳುವುದಿಲ್ಲ. ಆದುದರಿಂದ “ಎಲ್ಲವೂ ಕಾಲಕ್ರಮದಲ್ಲಿ ಸರಿಹೋಗುತ್ತದೆ” ಎಂಬ ಸುಲಭವಾದ ಸಮಾಧಾನಕ್ಕೂ ಆಧಾರವಿಲ್ಲ. ನಷ್ಟವು ನಷ್ಟವೇ. ಹೊರಗಿನವರು ಊಹಿಸುವಷ್ಟು ಅದು ಬಾಳನ್ನೆಲ್ಲ ನುಂಗುವುದಿಲ್ಲ ಎಂಬುದಷ್ಟೇ ಸಿದ್ಧವಾದ ಸಂಗತಿ.

ಹೊರಗಿನವರ ಊಹೆ ಇಷ್ಟು ತಪ್ಪುವುದೇಕೆ? ಅವರು ಯೋಚಿಸುವುದು ಬಿದ್ದ ದಿನವನ್ನು. ಬಿದ್ದವನು ಬಾಳುವುದು ಆಮೇಲಿನ ದಿನಗಳನ್ನು. ನಡೆಯಲಾಗದು ಎಂಬ ಒಂದೇ ಸಂಗತಿಯನ್ನು ಅವರು ದಿನವೆಲ್ಲ ನೋಡುತ್ತಾರೆ. ನಡೆಯಲಾರದವನಿಗೆ ಅಷ್ಟು ಪುರಸತ್ತಿಲ್ಲ. ಅವನಿಗೆ ಮಗಳ ಓದಿನ ಚಿಂತೆಯಿದೆ, ಸಾಲದವನ ಕಾಟವಿದೆ, ಸಂಜೆಯ ಹರಟೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಅಂಗಗಳನ್ನು ಕಳೆದುಕೊಂಡವರೇ ಮೊದಲಾದವರನ್ನು ವಿಚಾರಿಸಿ ತಮಾರಾ ದೆಂಬೋ, ಬಿಯಾಟ್ರಿಸ್ ರೈಟ್ ಮುಂತಾದ ವಿದುಷಿಯರು 1956ರಲ್ಲಿ ಒಂದು ಸೂಕ್ಷ್ಮವಾದ ವಿಚಾರವನ್ನು ಮುಂದಿಟ್ಟರು. ಚೇತರಿಸಿಕೊಳ್ಳುವವನು ಕೇವಲ ಸಹಿಸಲು ಕಲಿಯುವುದಿಲ್ಲ; ಅವನ ಮೌಲ್ಯಗಳ ವಿನ್ಯಾಸವೇ ಬದಲಾಗುತ್ತದೆ. ಕಳೆದುಹೋದದ್ದರ ಹೊರಗೂ ಬೆಲೆಯುಳ್ಳ ವಸ್ತುಗಳಿವೆಯೆಂದು ಕಾಣತೊಡಗುತ್ತದೆ. ದೇಹದ ಪಟುತ್ವಕ್ಕಿದ್ದ ಮೇಲುಪಟ್ಟ ಇಳಿಯುತ್ತದೆ. “ಇತರರಿಗಿಂತ ನಾನೆಷ್ಟು” ಎಂಬ ಹೋಲಿಕೆಯ ಅಳತೆ ಹೋಗಿ “ಇದು ತನ್ನಲ್ಲಿ ತಾನೆಷ್ಟು ಒಳ್ಳೆಯದು” ಎಂಬ ಅಳತೆ ಬರುತ್ತದೆ.

ಕೇಳಿದೊಡನೆ ಇದು ವೈರಾಗ್ಯದ ಮಾತಿನಂತೆ ತೋರಬಹುದು. ಗ್ರೀಕರಲ್ಲಿ ಕುಂಟನೆಂದು ಪ್ರಸಿದ್ಧನಾದ ಎಪಿಕ್ಟೀಟಸನು ಕುಂಟುತನವು ಕಾಲಿಗೆ ಅಡ್ಡಿಯೇ ಹೊರತು ಸಂಕಲ್ಪಕ್ಕಲ್ಲವೆಂದು ಬೋಧಿಸಿದನು. ದೇಹದ ಹಂಗನ್ನು ತೊರೆಯೆಂದು ಈ ದೇಶದ ಗುರುಗಳು ಹೇಳಿದ್ದಕ್ಕೆ ಲೆಕ್ಕವಿಲ್ಲ. ಆದರೆ ಗಾಯಾಳುಗಳ ಬಾಳಿನಲ್ಲಿ ನಡೆಯುವುದು ವಿರಕ್ತಿಯಲ್ಲ. ಅಲ್ಲಿ ಅನುರಕ್ತಿಯು ಮನೆ ಬದಲಾಯಿಸುತ್ತದೆ. ದೇಹವನ್ನಾದರೂ ಅವರು ಮರೆಯುವಂತಿಲ್ಲ. ನೋವು ತಿಳಿಯದ ಕಾಲನ್ನು ದಿನವೂ ಕಣ್ಣಿನಿಂದ ನೋಡಿ ಕಾಯಬೇಕು. ಸಾಮಾನ್ಯನು ದೇಹವನ್ನು ಮರೆತು ತಿರುಗಾಡುತ್ತಾನೆ. ಅವರು ಅದನ್ನು ತೋಟದಂತೆ ಕಾಪಾಡುತ್ತಾರೆ.

ಇದಕ್ಕೆ ಮೇರಿ ವರ್ಗೀಸ್ ಅವರ ಚರಿತ್ರೆಗಿಂತ ಉತ್ತಮವಾದ ನಿದರ್ಶನ ಸಿಕ್ಕುವುದು ಕಷ್ಟ. ಕೇರಳದಲ್ಲಿ 1925ರಲ್ಲಿ ಹುಟ್ಟಿ, ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯೆಯಾದ ಆಕೆ 1954ರ ಜನವರಿಯಲ್ಲಿ ಗೆಳೆಯರೊಂದಿಗೆ ಹೋಗುತ್ತಿದ್ದ ವಾಹನವು ಉರುಳಿ ಸೊಂಟದ ಕೆಳಗಿನ ಸ್ವಾಧೀನವನ್ನು ಕಳೆದುಕೊಂಡರು. ಮುಖಕ್ಕೂ ಬಲವಾದ ಗಾಯವಾಯಿತು. ಆಗ ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗದಿಂದ ಮಡಿಸಿಹೋದ ಕೈಬೆರಳುಗಳನ್ನು ಸ್ನಾಯು ಜೋಡಿಸಿ ನೆಟ್ಟಗೆ ಮಾಡುವ ವಿದ್ಯೆಯನ್ನು ಬೆಳೆಸುತ್ತಿದ್ದರು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದು. ಬ್ರಾಂಡರು ಆಕೆಗೆ ಆ ಕೆಲಸವನ್ನು ಸೂಚಿಸಿದರು. ಗಾಲಿಕುರ್ಚಿಯಲ್ಲಿ ಕುಳಿತ ವೈದ್ಯೆಯು ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸತೊಡಗಿದರು.

ಈ ಸಂಗತಿಯ ಒಳಗೆ ಇನ್ನೊಂದು ಸಂಗತಿಯಿದೆ. ಕುಷ್ಠರೋಗಿಯ ಕೈ ಕೆಡುವುದು ಬಹುಮಟ್ಟಿಗೆ ಸ್ಪರ್ಶಜ್ಞಾನವಿಲ್ಲದುದರಿಂದ. ಸುಡುವ ಪಾತ್ರೆಯನ್ನು ಹಿಡಿದರೂ ಅವನಿಗೆ ತಿಳಿಯದು, ಗಾಯವು ಗಾಯದ ಮೇಲೆ ಬೆಳೆಯುತ್ತದೆ. ವೈದ್ಯೆಯ ಕಾಲುಗಳ ಸ್ಥಿತಿಯೂ ಅದೇ. ನೋವು ಎಂಬ ಕಾವಲುಗಾರನಿಲ್ಲದ ದೇಹದಲ್ಲಿ ವಾಸಿಸುವುದೆಂದರೇನೆಂಬುದನ್ನು ಮೇಜಿನ ಎರಡು ಬದಿಯವರೂ ಬಲ್ಲವರಾಗಿದ್ದರು. ಕುಷ್ಠರೋಗಿಯನ್ನು ಮುಟ್ಟಲು ಜನ ಹೇಸುತ್ತಿದ್ದ ಕಾಲವದು. ಮುಂದೆ ಆಕೆ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಸ್ವಂತ ಚಲನೆಯ ಶಿಕ್ಷಣವನ್ನು ಪಡೆದು, ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ ವೆಲ್ಲೂರಿಗೆ ಹಿಂದಿರುಗಿದರು. ಅಲ್ಲಿ 1966ರಲ್ಲಿ ತೆರೆದ ಪುನರ್ವಸತಿ ಕೇಂದ್ರವು ಆಕೆಯ ಶ್ರಮದ ಫಲ. 1972ರಲ್ಲಿ ಪದ್ಮಶ್ರೀ ಬಂದಿತು. 1986ರಲ್ಲಿ ತೀರಿಕೊಂಡರು. ಕಾಲು ಹೋದದ್ದು ತನಗೆ ಲಾಭವೇ ಆಯಿತೆಂದು ಹೇಳುವ ಗೊಡವೆಗೆ ಆಕೆಯ ಚರಿತ್ರೆಯನ್ನು ಬರೆಯುವವರು ಹೋಗಬೇಕಾಗಿಲ್ಲ. ಕೈ ಇತ್ತು, ವಿದ್ಯೆಯಿತ್ತು, ಶ್ರದ್ಧೆಯಿತ್ತು. ಇವಕ್ಕೆ ಹೊಂದುವ ಕೆಲಸವೊಂದನ್ನು ತೋರಿಸಿದವರಿದ್ದರು. ಕುರ್ಚಿಯ ಮಟ್ಟಕ್ಕೆ ಮೇಜನ್ನು ತಂದು ನಿಲ್ಲಿಸಿದವರಿದ್ದರು. ಕೊನೆಯದನ್ನು ಹೊಗಳುವವರು ಕಡಮೆ. ಹೊಗಳಿಕೆಯೆಲ್ಲ ಧೈರ್ಯದ ಪಾಲಿಗೆ ಹೋಗುತ್ತದೆ, ಬಡಗಿಯ ಪಾಲಿಗೆ ಏನೂ ಉಳಿಯುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ನರಿಗೆ ಎಟುಕದ ದ್ರಾಕ್ಷಿ ಹುಳಿ ಎಂಬ ಕಥೆಯನ್ನೇ ಹೆಸರಾಗಿಟ್ಟುಕೊಂಡು ಯೋನ್ ಎಲ್ಸ್ಟರ್ ಎಂಬ ನಾರ್ವೆ ದೇಶದ ದಾರ್ಶನಿಕನು 1983ರಲ್ಲಿ ಒಂದು ಗ್ರಂಥವನ್ನು ಬರೆದನು. ಕೈಗೆ ಸಿಕ್ಕದ್ದನ್ನು ಬೇಡವೆಂದುಕೊಳ್ಳುವ ಮನಸ್ಸಿನ ತೃಪ್ತಿಗೆ ನೀತಿಶಾಸ್ತ್ರದಲ್ಲಿ ಎಷ್ಟು ಬೆಲೆ ಕೊಡಬೇಕೆಂಬುದು ಅವನ ಪ್ರಶ್ನೆ. ಅಮರ್ತ್ಯ ಸೇನರೂ ಇದನ್ನೇ ಬಡತನದ ವಿಷಯದಲ್ಲಿ ಎತ್ತಿದ್ದಾರೆ: ಬಹುಕಾಲ ಕೊರತೆಯಲ್ಲಿಯೇ ಬಾಳಿದವನು ಚಿಕ್ಕಪುಟ್ಟ ಅನುಗ್ರಹಗಳಲ್ಲಿಯೇ ಸಂತೋಷಪಡುವುದನ್ನು ಕಲಿತುಬಿಡುತ್ತಾನೆ; ಅವನು ನಗುತ್ತಿದ್ದಾನೆಂದು ಅವನಿಗೆ ಸಲ್ಲಬೇಕಾದದ್ದು ಸಂದಿದೆಯೆಂದು ತಿಳಿಯಲಾಗದು. ಹಾಗಾದರೆ ಬೆನ್ನು ಮುರಿದವನ ತೃಪ್ತಿಯೂ ಹುಳಿ ದ್ರಾಕ್ಷಿಯೇ?

ಇಲ್ಲಿ ಎರಡು ಬಗೆಯ ಮನಸ್ಸುಗಳನ್ನು ಬೇರ್ಪಡಿಸಿ ನೋಡಬೇಕಾಗಿದೆ. ನರಿಯು ದ್ರಾಕ್ಷಿಯನ್ನು ಹಳಿಯುತ್ತದೆ. ಅದರ ಸಮಾಧಾನಕ್ಕೆ ಆ ಹಳಿಯುವಿಕೆಯೇ ಆಧಾರ. ಯಾರಾದರೂ ಏಣಿ ತಂದಿಟ್ಟರೆ ಅದರ ತತ್ತ್ವಜ್ಞಾನವು ಆ ಗಳಿಗೆಯಲ್ಲಿಯೇ ಕುಸಿಯುತ್ತದೆ. ಮೌಲ್ಯಗಳನ್ನು ಮರಳಿ ಜೋಡಿಸಿಕೊಂಡವನು ಕಳೆದುಹೋದದ್ದನ್ನು ಹಳಿಯುವುದಿಲ್ಲ. ವರ್ಗೀಸರು ನಡೆಯುವುದು ತುಚ್ಛವೆಂದು ಬಗೆದಿದ್ದರೆ ಇತರರನ್ನು ಎಬ್ಬಿಸಿ ಓಡಾಡಿಸುವ ಕೇಂದ್ರವನ್ನು ಕಟ್ಟುತ್ತಿರಲಿಲ್ಲ. ಮೇಜರ್ ಅಹ್ಲುವಾಲಿಯರ ಮಾತೂ ಹೀಗೆಯೇ. 1965ರ ಮೇ 29ರಂದು ಎವರೆಸ್ಟ್ ಶಿಖರದ ಮೇಲೆ ನಿಂತ ಆ ಸೈನಿಕನಿಗೆ ಅದೇ ವರ್ಷ ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಗುಲಿತು. ಸ್ಟೋಕ್ ಮ್ಯಾಂಡವಿಲ್ಲಿನಲ್ಲಿ ಚಿಕಿತ್ಸೆ ಪಡೆದು ಬಂದ ಅವರು ಪರ್ವತಗಳನ್ನು ಮರೆಯಲೂ ಇಲ್ಲ, ತೆಗಳಲೂ ಇಲ್ಲ. ಪರ್ವತಗಳ ಮೇಲೆ ಪುಸ್ತಕಗಳನ್ನು ಬರೆದರು. ಜೊತೆಗೆ ದೆಹಲಿಯಲ್ಲಿ ಬೆನ್ನುಹುರಿಯ ಗಾಯಾಳುಗಳಿಗೆಂದು ಆಸ್ಪತ್ರೆಯೊಂದನ್ನು ಕಟ್ಟಿಸಿ 2022ರಲ್ಲಿ ತೀರಿಕೊಂಡರು. ಇಂಥವರ ತೃಪ್ತಿಯನ್ನು ಭ್ರಾಂತಿಯೆನ್ನಲು ಯಾರಿಗೂ ಹಕ್ಕಿಲ್ಲ. ಆದರೆ ಸೇನರ ಆಕ್ಷೇಪವು ಇದರಿಂದ ಪೂರ್ತಿ ತೀರುವುದಿಲ್ಲ. ತೃಪ್ತಿಯು ನಿಜವೆಂದು ಒಪ್ಪಿದೊಡನೆ ಸಲ್ಲಬೇಕಾದದ್ದೆಲ್ಲ ಸಂದಿತೆಂದು ಖಾತೆಯನ್ನು ಮುಚ್ಚುವುದು ಬೇರೊಂದು ಬಗೆಯ ಅನ್ಯಾಯ. ಗಾಯಾಳುವಿನ ಮಾತನ್ನು ನಂಬದಿರುವುದು ಒಂದು ತಪ್ಪು. ನಂಬಿ, ಅದನ್ನು ರಶೀತಿಯೆಂದು ಜೇಬಿಗೆ ಹಾಕಿಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು.

ದೇಶದಿಂದ ದೇಶಕ್ಕೆ ಹೋದಂತೆ ಈ ತೊಡಕು ಹೆಚ್ಚುತ್ತದೆ. 1985ರಲ್ಲಿ ಡೀನರ್ ಮತ್ತು ಸಂಗಡಿಗರು ರಚಿಸಿದ ಜೀವನತೃಪ್ತಿಯ ಅಳತೆಯಲ್ಲಿ ಐದು ವಾಕ್ಯಗಳಿವೆ. ಒಂದೊಂದಕ್ಕೂ 1ರಿಂದ 7ರವರೆಗೆ ಅಂಕೆ ಕೊಡಬೇಕು. ಬಾಳು ತನ್ನ ಆದರ್ಶಕ್ಕೆ ಹತ್ತಿರವಿದೆಯೆ, ಬೇಕಾದ ಮುಖ್ಯವಸ್ತುಗಳು ದೊರೆತಿವೆಯೆ ಎಂಬುವು ಅವುಗಳಲ್ಲಿ ಸೇರಿವೆ. ಕೊನೆಯ ವಾಕ್ಯದ ತಾತ್ಪರ್ಯವೇನೆಂದರೆ, ಮತ್ತೊಮ್ಮೆ ಬಾಳುವಂತಾದರೆ ಈ ಬಾಳಿನಲ್ಲಿ ಬಹುಮಟ್ಟಿಗೆ ಏನನ್ನೂ ಬದಲಾಯಿಸಲಾರೆ ಎಂಬುದು. ಅಮೆರಿಕದವನಿಗೆ ಇದು ಬರಿಯ ಕಲ್ಪನೆಯ ಆಟ. ಕನ್ನಡದಲ್ಲಿ ಕೇಳಿದರೆ ಅದು ಮರುಜನ್ಮದ ಪ್ರಶ್ನೆಯಾಗಿ ಕೇಳಿಸುತ್ತದೆ. ಕರ್ಮದಲ್ಲಿ ನಂಬಿಕೆಯುಳ್ಳವನು ಮುಂದಿನ ಜನ್ಮವೂ ಹೀಗೆಯೇ ಇರಲಿ ಎನ್ನಬೇಕೆ? ಹೇಳದಿದ್ದರೆ ಅವನು ಅತೃಪ್ತನೆ? “ತೃಪ್ತಿ” ಎಂಬ ಶಬ್ದವಾದರೂ ಇಲ್ಲಿ ಕೇವಲ ಮನಸ್ಸಿನ ಒಂದು ಸ್ಥಿತಿಯ ಹೆಸರಲ್ಲ. ಪತಂಜಲಿಯ ಯೋಗಸೂತ್ರಗಳಲ್ಲಿ ಸಂತೋಷವು ಐದು ನಿಯಮಗಳಲ್ಲಿ ಒಂದು. ಅದು ಆಚರಿಸತಕ್ಕ ಧರ್ಮ. ಹಾಗಿರುವಲ್ಲಿ ಹಳ್ಳಿಯ ರೋಗಿಯು “ದೇವರು ಇಟ್ಟ ಹಾಗೆ ಇದ್ದೇನೆ, ಕೊರತೆಯಿಲ್ಲ” ಎಂದರೆ ಅವನು ತನ್ನ ಸ್ಥಿತಿಯನ್ನು ವರದಿ ಮಾಡುತ್ತಿದ್ದಾನೆಯೆ, ಇಲ್ಲವೆ ತನ್ನ ಧರ್ಮವನ್ನು ಪಾಲಿಸುತ್ತಿದ್ದಾನೆಯೆ ಎಂಬುದನ್ನು ಅಂಕೆಯಿಂದ ತಿಳಿಯಲಾಗದು. 2017ರಿಂದ 2019ರವರೆಗೆ 22 ದೇಶಗಳಲ್ಲಿ 12 ಸಾವಿರಕ್ಕೂ ಹೆಚ್ಚು ಮಂದಿ ಬೆನ್ನುಹುರಿಯ ಗಾಯಾಳುಗಳನ್ನು ವಿಚಾರಿಸಿದ ದೊಡ್ಡ ಪ್ರಯತ್ನವೊಂದು ನಡೆಯಿತು. ಭಾರತವು ಆ ಪಟ್ಟಿಯಲ್ಲಿಲ್ಲ.

ಭಾರತದ ಗಾಯಗಳ ಬಗೆಯೂ ಬೇರೆ. ಧನಿಕ ದೇಶಗಳಲ್ಲಿ ಈ ಗಾಯಕ್ಕೆ ವಾಹನಗಳು ದೊಡ್ಡ ಕಾರಣ. ಇಲ್ಲಿ ಅದರೊಡನೆ, ಎಷ್ಟೋ ಕಡೆ ಅದನ್ನೂ ಮೀರಿ, ಎತ್ತರದಿಂದ ಬೀಳುವುದು. ಮಾಳಿಗೆಯಿಂದ, ಬಾವಿಯ ಕಟ್ಟೆಯಿಂದ, ಕಟ್ಟಡದ ಅಟ್ಟಣಿಗೆಯಿಂದ, ಮರದಿಂದ. ಕರಾವಳಿ ಮಲೆನಾಡುಗಳ ಅಡಕೆಯ ತೋಟದಲ್ಲಿ ಕೊನೆಗಾರನು ಕಾಲಿಗೆ ತಳೆ ಸಿಕ್ಕಿಸಿಕೊಂಡು ಮರವೇರುತ್ತಾನೆ. ನೆಲಕ್ಕಿಳಿಯದೆ ಮರವನ್ನು ಬಾಗಿಸಿ ಪಕ್ಕದ ಮರದ ತಲೆಗೆ ದಾಟುತ್ತಾನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಮರವು ಪಾಚಿಗಟ್ಟಿ ಜಾರುತ್ತಿರುತ್ತದೆ. ಹೀಗೆ ಬಿದ್ದು ಬೆನ್ನು ಮುರಿದ ಒಬ್ಬ ಕೊನೆಗಾರನನ್ನು ವರ್ಗೀಸರ ಪಕ್ಕದಲ್ಲಿ ಇಟ್ಟು ನೋಡಬೇಕು. ವೈದ್ಯೆಯ ವಿದ್ಯೆಯು ಕೈಯಲ್ಲಿತ್ತು, ಕುಳಿತರೂ ಉಳಿಯಿತು. ಇವನ ವಿದ್ಯೆಯು ಏರುವುದರಲ್ಲಿಯೇ ಇತ್ತು. ಕಾಲಿನೊಡನೆ ಕಸುಬೂ, ಕಸುಬಿನೊಡನೆ ಕೂಲಿಯೂ, ಕೂಲಿಯೊಡನೆ ಮನೆಯಲ್ಲಿದ್ದ ಮಾತಿನ ತೂಕವೂ ಹೋಗುತ್ತವೆ. ಮನೆಯ ಹೊಸ್ತಿಲು ಎತ್ತರ, ಅಂಗಳಕ್ಕೆ ಮೆಟ್ಟಿಲು, ಬಚ್ಚಲು ಹೊರಗೆ, ರಸ್ತೆಗೆ ಹೋಗಲು ಕಾಲುಸಂಕ ದಾಟಬೇಕು. ಗಾಲಿಕುರ್ಚಿಯನ್ನು ಯಾರಾದರೂ ಪುಣ್ಯಾತ್ಮರು ದಾನ ಕೊಟ್ಟರೆ ಅದು ಜಗಲಿಯ ಮೇಲೆ ನಿಂತಿರುತ್ತದೆ. “ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಗಾದೆಯನ್ನು ಇವನಿಗೆ ಬೋಧಿಸುವವರು, ಆ ಹಾಸಿಗೆಯನ್ನು ಅಷ್ಟೇ ಉದ್ದಕ್ಕೆ ಹೊಲಿದವರು ಯಾರೆಂದು ಕೇಳುವುದಿಲ್ಲ. ಹಳೆಯ ಮೌಲ್ಯವು ಕಳಚಿದಾಗ ಮನಸ್ಸು ಹೊಸದನ್ನು ಹಿಡಿಯಬಲ್ಲುದು ನಿಜ. ಹಿಡಿಯಲು ಏನಾದರೂ ಕೈಯಳತೆಯಲ್ಲಿ ಇರಬೇಕಷ್ಟೆ. ಕುಳಿತು ಮಾಡುವ ಒಂದು ಕೆಲಸ, ಲೆಕ್ಕ ಬರೆಯುವುದೋ, ಅಡಕೆ ಸುಲಿಯುವುದೋ, ಮಕ್ಕಳಿಗೆ ಪಾಠ ಹೇಳುವುದೋ, ಅದು ಇಲ್ಲದಿದ್ದರೆ ಮೌಲ್ಯಗಳ ಬದಲಾವಣೆಯನ್ನು ಅವನಿಂದ ನಿರೀಕ್ಷಿಸುವುದು ಬರಿಯ ಕ್ರೌರ್ಯ.

ಅವಿಭಕ್ತ ಕುಟುಂಬವು ಇಂಥವನನ್ನು ಕೈಬಿಡುವುದಿಲ್ಲವೆಂದೂ, ಪಶ್ಚಿಮದವರು ಅವನನ್ನು ಆಶ್ರಮಗಳಿಗೆ ತಳ್ಳುವರೆಂದೂ ಹೇಳಿ ಹೆಮ್ಮೆಪಡುವ ವಾಡಿಕೆಯುಂಟು. ಅದರಲ್ಲಿ ಸತ್ಯಾಂಶವಿದೆ. ಪರಾಧೀನತೆಯನ್ನು ಅಪಮಾನವೆಂದು ಭಾವಿಸುವ ಸಮಾಜಕ್ಕಿಂತ, ಪರಸ್ಪರ ಋಣವನ್ನು ಬಾಳಿನ ಸಹಜ ಸ್ಥಿತಿಯೆಂದು ಭಾವಿಸುವ ಸಮಾಜದಲ್ಲಿ ಇತರರ ಕೈಯಿಂದ ಉಣ್ಣುವುದು ಅಷ್ಟು ಕಹಿಯಾಗಲಾರದು. ಆದರೆ ಎರಡು ಗಂಟೆಗೊಮ್ಮೆ ರಾತ್ರಿಯಲ್ಲಿ ಎದ್ದು ಅವನ ಮಗ್ಗುಲು ಹೊರಳಿಸುವುದು ಕುಟುಂಬವೆಂಬ ಅಮೂರ್ತ ವಸ್ತುವಲ್ಲ. ಹೆಂಡತಿ, ಇಲ್ಲವೆ ತಾಯಿ, ಇಲ್ಲವೆ ಸೊಸೆ. ಕುಟುಂಬಪದ್ಧತಿಯ ಮೇಲಣ ಪ್ರಶಂಸೆಗಳನ್ನು ಬರೆಯುವವರು ಸಾಮಾನ್ಯವಾಗಿ ರಾತ್ರಿ ನಿದ್ರೆ ಮಾಡಿದವರು. ಬಿದ್ದವಳು ಹೆಂಡತಿಯೇ ಆದರೆ ಮಗ್ಗುಲು ಹೊರಳಿಸುವವರು ಯಾರೆಂಬ ಪ್ರಶ್ನೆಯನ್ನು ಆ ಪ್ರಶಂಸೆಗಳು ಎತ್ತುವುದಿಲ್ಲ. ಗಾಯಾಳುವಿನ ತೃಪ್ತಿಯ ಲೆಕ್ಕದಲ್ಲಿ ಅವಳ ತೃಪ್ತಿಯೂ ಬರೆಯಲ್ಪಡದ ಒಂದು ಅಂಕೆ.

ಮಹಾಭಾರತದಲ್ಲಿ ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನು ಏಳಲಾರದ ಮನುಷ್ಯ. ಅವನ ತಲೆಯು ಜೋಲುತ್ತಿತ್ತು; ದಿಂಬು ಬೇಕೆಂದನು. ರಾಜರು ಮೆತ್ತನೆಯ ಬೆಲೆಬಾಳುವ ದಿಂಬುಗಳನ್ನು ತಂದರು. ಅವು ಬೇಡವೆಂದನು. ಅರ್ಜುನನು ಮೂರು ಬಾಣಗಳನ್ನು ನೆಲಕ್ಕೆ ನೆಟ್ಟು ಅವುಗಳ ಮೇಲೆ ತಲೆಯನ್ನಿರಿಸಿದನು, ಅದು ಒಪ್ಪಿಗೆಯಾಯಿತು. ಬಾಯಾರಿದಾಗಲೂ ಹಾಗೆಯೇ, ಕೊಡಗಳಲ್ಲಿ ತಂದ ನೀರು ಬೇಡವಾಯಿತು. ಭೀಷ್ಮನು ಇಚ್ಛಾಮರಣಿ, ಯಾವಾಗ ಬೇಕಾದರೂ ಪ್ರಾಣವನ್ನು ಬಿಡಬಹುದಾಗಿತ್ತು. ಬಿಡದೆ 58 ರಾತ್ರಿ ಅಲ್ಲಿಯೇ ಇದ್ದನು. ಕೇಳುವವರು ಬಂದು ಸುತ್ತಲೂ ಕುಳಿತರು. ರಾಜಧರ್ಮವನ್ನೂ ಮೋಕ್ಷಧರ್ಮವನ್ನೂ ಹೇಳಿದನು. ಅವನ ನೋವು ಕಡಮೆಯಾಗಲಿ ಎಂದು ಕೃಷ್ಣನು ಮೊದಲು ವರ ಕೊಟ್ಟನೆಂಬುದನ್ನೂ ಗಮನಿಸತಕ್ಕದ್ದು. ನೋಯುತ್ತಿರುವವನಿಂದ ತತ್ತ್ವವನ್ನು ಹೇಳಿಸಲಿಲ್ಲ.

ಈ ಕಾಲದಲ್ಲಿಯೂ ಮರಣವನ್ನು ಇಚ್ಛೆಯಿಂದ ಪಡೆಯಲು ಹೋದ ಒಬ್ಬನ ಸಂಗತಿ ಅಮೆರಿಕದ ನ್ಯಾಯಾಲಯದ ದಾಖಲೆಗಳಲ್ಲಿದೆ. ಲಾರಿ ಮೆಕಾಫಿ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯು 1985ರಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದು ಕುತ್ತಿಗೆಯ ಕೆಳಗಿನ ದೇಹವನ್ನೆಲ್ಲ ಕಳೆದುಕೊಂಡನು. ಉಸಿರಾಟಕ್ಕೂ ಯಂತ್ರ ಬೇಕಾಯಿತು. ಅವನಿಗೆ ಮನೆಯಲ್ಲಿ ಶುಶ್ರೂಷೆಯ ವ್ಯವಸ್ಥೆ ಉಳಿಯಲಿಲ್ಲ. ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ, ಸ್ವಂತ ಪ್ರಾಂತವನ್ನು ಬಿಟ್ಟು ಪರಪ್ರಾಂತಕ್ಕೆ, ಅಲ್ಲಿಂದ ಮತ್ತೆ ಆಸ್ಪತ್ರೆಯ ಕೋಣೆಗೆ ಅವನನ್ನು ಸಾಗಿಸಿದರು. ಕೊನೆಗೆ ಯಂತ್ರವನ್ನು ನಿಲ್ಲಿಸಲು ಅನುಮತಿ ಕೊಡಬೇಕೆಂದು ಅವನು ನ್ಯಾಯಾಲಯವನ್ನು ಬೇಡಿದನು. ಅದಕ್ಕಾಗಿ ಬಾಯಿಯಿಂದ ನಡೆಸಬಹುದಾದ ಒಂದು ಉಪಕರಣವನ್ನು ತಾನೇ ಕಲ್ಪಿಸಿದ್ದನು. 1989ರಲ್ಲಿ ಜಾರ್ಜಿಯ ಪ್ರಾಂತದ ಸರ್ವೋಚ್ಚ ನ್ಯಾಯಾಲಯವು ಅವನ ಹಕ್ಕನ್ನು ಒಪ್ಪಿತು. ಸಾಯುವುದಕ್ಕೆ ಅವನು ಹೇಳಿದ ಕಾರಣಗಳನ್ನೆಲ್ಲ ಎಲ್ಲರೂ ಕೇಳಿದರು, ಯೋಗ್ಯವೆಂದು ತಲೆದೂಗಿದರು. ಆ ಕಾರಣಗಳಲ್ಲಿ ಬೆನ್ನುಹುರಿಯ ಪಾಲೆಷ್ಟು, ಕೋಣೆಯ ಪಾಲೆಷ್ಟು ಎಂದು ಕೇಳಿದವರು ಅವನಂತೆಯೇ ಗಾಲಿಕುರ್ಚಿಯಲ್ಲಿದ್ದ ಕೆಲವರು ಮತ್ತು ಅವರ ಸಂಗಡಿಗರು. ಧ್ವನಿಯಿಂದ ನಡೆಯುವ ಗಣಕಯಂತ್ರದಿಂದ ಎಂಜಿನಿಯರಿನ ಕೆಲಸವನ್ನು ಮಾಡಬಹುದೆಂಬುದನ್ನು ಅವನಿಗೆ ತೋರಿಸಿಕೊಟ್ಟರು; ಸಂಸ್ಥೆಯ ಹೊರಗೆ, ಕೆಲವರೊಡನೆ ಸಾಮಾನ್ಯವಾದ ಒಂದು ಮನೆಯಲ್ಲಿ ಬಾಳುವ ಏರ್ಪಾಡಾಯಿತು. ಬೆನ್ನುಹುರಿ ಹಾಗೆಯೇ ಇತ್ತು. ನ್ಯಾಯಾಲಯವು ಕೊಟ್ಟ ಅನುಮತಿಯೂ ಹಾಗೆಯೇ ಇತ್ತು. ಆ ಉಪಕರಣವನ್ನು ಅವನು ಬಳಸಲಿಲ್ಲ.